ಮೂರು ಸಲ ಕೇಳಿದ ಡ್ರಾ

ಚೆಸ್ ಲೀಗ್‌ನ ಕೊನೆಯ ಸುತ್ತು. ನನ್ನ ಫೋನು ನಿಯಮದಂತೆ ಕ್ಯಾಪ್ಟನ್ ಬಳಿಯಿತ್ತು. ಹನ್ನೆರಡನೇ ನಡೆಯ ಹೊತ್ತಿಗೆ ಹೊರಗೆ ಹೋಗಿ ನೀರು ಕುಡಿದು ಬಂದ ಎದುರಾಳಿ, ಕೂತವರೇ "ಡ್ರಾ?" ಎಂದರು.

ಇಷ್ಟು ದೊಡ್ಡ ಆಟಗಾರ ನನಗೆ ಹೆದರಿದ್ದಾರೆಂದು ಹಿಗ್ಗಿ, ಬೇಡವೆಂದೆ. ಮತ್ತೆರಡು ಸಲ ಕೇಳಿದರು. ನಕ್ಕುಬಿಟ್ಟೆ.

ಐದು ಗಂಟೆ ಗುದ್ದಾಡಿದ ಮೇಲೆ ಹಲಗೆಯಲ್ಲಿ ರಾಜರಿಬ್ಬರೇ ಉಳಿದು, ಆಟ ಡ್ರಾ ಆಯಿತು.

"ಆಗಲೇ ಒಪ್ಕೋಬಹುದಿತ್ತಲ್ರೀ," ಎಂದರು.

"ಸೋಲೋ ಭಯ ನಿಮಗಿತ್ತು, ನನಗಲ್ಲ."

"ಆಟದ ಮಧ್ಯೆ ನಾನು ನಿಮ್ಮ ಹತ್ರ ಆಡಬಹುದಾಗಿದ್ದ ಮಾತು ಅದೊಂದೇ. ಹೊರಗೆ ನಿಮ್ಮ ಕ್ಯಾಪ್ಟನ್ ನಿಮ್ಮ ಫೋನಲ್ಲಿ ಹೇಳ್ತಿದ್ರು: 'ಆಟ ಮುಗಿಯೋವರೆಗೂ ಅವನಿಗೆ ತಿಳಿಸಲ್ಲ. ಕಾಯಬೇಡಿ, ಅವರಮ್ಮನ ಹೆಣ ಎತ್ತಿಬಿಡಿ.'"