ಕಂಪ್ಯೂಟರ್ ಏಳುವವರೆಗೆ

ಯೂಸ್ಟೇಸ್ ಒಂದು ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಇನ್ನೊಂದು ಕೈಯಲ್ಲಿ ಕಂಪ್ಯೂಟರಿನ ಸ್ವಿಚ್ಚು ಒತ್ತಿ ಉಸಿರು ಬಿಗಿಹಿಡಿದು ಕೂತ. ನೋಡನೋಡುತ್ತಿದ್ದಂತೆ ಪರದೆ ಬೆಳಗಿತು.

"ಗೆರ್ಟಿ, ಬಾ ಮಾರಾಯ್ತಿ! ಒಂಬತ್ತೇ ಸೆಕೆಂಡ್!" ಎಂದು ಕುಲಶೇಖರದ ಬೀದಿಗೆಲ್ಲ ಕೇಳುವಂತೆ ಕೂಗಿದ.

ಬಿಚ್ಚಿ ತೆಗೆದ ಹಳೆಯ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಮಗ ಆನ್ಸನ್ ಪಕ್ಕದಲ್ಲೇ ನಗುತ್ತ ನಿಂತಿದ್ದ. ಅದರಲ್ಲಿದ್ದುದನ್ನೆಲ್ಲ ವೇಗದ ಹೊಸ ಎಸ್‌ಎಸ್‌ಡಿ ಡಿಸ್ಕಿಗೆ ನಕಲು ಮಾಡಿ, ಜೋಡಿಸಿ, ಸ್ಕ್ರೂ ಬಿಗಿ ಮಾಡಿದವನು ಅವನೇ. ಗೆರ್ಟ್ರೂಡ್ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಾಗ ಅವನು ಡಿಸ್ಕಿನ ಸ್ಪೀಡ್ ಟೆಸ್ಟ್ ಹಾಕಿ ತೋರಿಸಿದ. "ನೋಡಿ ಮಮ್ಮಿ, ಹಳೆಯದಕ್ಕಿಂತ ನೂರು ಪಟ್ಟು ಸ್ಪೀಡ್ ಉಂಟು. ಇನ್ನು ಡ್ಯಾಡಿ ಕಾಯುವುದೇ ಬೇಡ."

"ಒಳ್ಳೆದಾಯ್ತು," ಎಂದಳು ಗೆರ್ಟ್ರೂಡ್. ಆದರೆ ಅವಳಿಗೆ ನಿಜಕ್ಕೂ ಬೇಜಾರಾಗಿತ್ತು.

ಹಳೆಯ ಡಿಸ್ಕಿನಲ್ಲಿ ಕಂಪ್ಯೂಟರ್ ಏಳಲು ಬೇಕಾಗುತ್ತಿದ್ದ ಇಪ್ಪತ್ತು ನಿಮಿಷ ಅವಳದ್ದಾಗಿತ್ತು. ಮಸ್ಕತ್ತಿನ ಕೆಲಸ ಬಿಟ್ಟು ಬಂದ ಮೇಲೆ ಮನೆಯಲ್ಲೇ ನಾಲ್ಕು ಅಂಗಡಿಗಳ ಲೆಕ್ಕ ನೋಡುವ ಯೂಸ್ಟೇಸ್, ದಿನಾ ಬೆಳಿಗ್ಗೆ ಕಂಪ್ಯೂಟರ್ ಹಾಕಿ, ಅದು ಏಳುವವರೆಗೆ ಏನು ಮಾಡುವುದೆಂದು ತೋಚದೆ ಅಡುಗೆಮನೆಗೆ ಬರುತ್ತಿದ್ದ. "ಹೇಗೂ ಕಾಯಬೇಕು, ಕೊಡು ಇಲ್ಲಿ" ಎಂದು ಹೆರೆಮಣೆಯ ಮೇಲೆ ಕೂತು ಒಡೆದ ಕಾಯಿಯ ಎರಡೂ ಕಡಿ ತುರಿಯುತ್ತಿದ್ದ. ಕಾಯಿಯ ಜೊತೆ ಊರಿನ ಸುದ್ದಿಯೂ ಉದುರುತ್ತಿತ್ತು. ದುಬೈಯಿಂದ ಯಾರು ಬಂದರು, ಇಗರ್ಜಿಯಲ್ಲಿ ಪಾದ್ರಿ ಯಾರ ಮದುವೆಯ ಪ್ರಕಟಣೆ ಓದಿದರು, ಎಲ್ಲವೂ. ಒಮ್ಮೆ ಕಂಪ್ಯೂಟರ್ ಎದ್ದಿತೆಂದರೆ ಊಟದವರೆಗೆ ಮನುಷ್ಯ ತಲೆ ಎತ್ತುತ್ತಿರಲಿಲ್ಲ.

ಮುಂಗೈ ನೋಯುತ್ತದೆ, ಕಾಯಿ ತುರಿದು ಕೊಡಿ ಎಂದು ಅವಳು ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ. ಹೆಂಡತಿಗೆ ಕಾಯಿ ತುರಿದು ಕೊಡುತ್ತಾನೆಂದು ಪಕ್ಕದ ಮನೆಯವನಿಗೆ 'ಹೆರೆಮಣೆ ಬೊನಿಫಾಸ್' ಎಂದು ಹೆಸರಿಟ್ಟು ಇಡೀ ವಾರ್ಡನ್ನು ನಗಿಸಿದ ಮಹಾನುಭಾವ ಈ ಯೂಸ್ಟೇಸೇ. ಕಂಪ್ಯೂಟರಿಗಾಗಿ ಕಾಯುತ್ತ ತುರಿಯುವುದು ಬೇರೆ, ಹೆಂಡತಿಗಾಗಿ ತುರಿಯುವುದು ಬೇರೆ. ಅವನ ಕಾನೂನು ಹಾಗೆ.

ಮರುದಿನ ಬೆಳಿಗ್ಗೆ ಗೆರ್ಟ್ರೂಡ್ ಕಾಯಿ ಒಡೆದಿಟ್ಟು ಕಾದಳು. ಯೂಸ್ಟೇಸ್ ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ.

"ಕಂಪ್ಯೂಟರ್ ಎದ್ದಿತಾ?" ಎಂದು ಒಳಗಿನಿಂದಲೇ ಕೇಳಿದಳು.

"ಆಗಲೇ!" ಎಂದ, ಮೀಸೆ ತಿರುವುವವನ ಧಾಟಿಯಲ್ಲಿ.

ಆಯಿತು, ನೋಡುವ ಎಂದುಕೊಂಡು ಅವಳು ಅಂಗಡಿಗೆ ಹೋಗಿಬಂದಳು.

ಮಧ್ಯಾಹ್ನ ಬಂಗುಡೆ ಮೀನಿನ ಸಾರು. ಮೊದಲ ತುತ್ತಿಗೇ ಯೂಸ್ಟೇಸ್ ಮುಖ ಕಿವುಚಿದ. "ಇದೆಂತದು ಗೆರ್ಟಿ? ಕಾಯಿ ಹಾಕಿದ್ದೀಯಾ, ಸೀಮೆಸುಣ್ಣ ಹಾಕಿದ್ದೀಯಾ?"

"ಪ್ಯಾಕೆಟಿನ ಕಾಯಿಪುಡಿ," ಎಂದಳು ಗೆರ್ಟ್ರೂಡ್ ಶಾಂತವಾಗಿ. "ನಾನೂ ಟೆಸ್ಟ್ ಮಾಡಿ ನೋಡಿದೆ. ಕತ್ತರಿಸಿ ಸುರಿಯಲಿಕ್ಕೆ ಒಂಬತ್ತೇ ಸೆಕೆಂಡ್."

ಆನ್ಸನ್ ಉಪ್ಪಿನಕಾಯಿಯ ಭರಣಿ ಹತ್ತಿರಕ್ಕೆ ಎಳೆದುಕೊಂಡ.

"ನಾಳೆಯೂ ಇದೇಯಾ?" ಎಂದ ಯೂಸ್ಟೇಸ್.

"ನಾಳೆ ಅಂಜಲ್ ತರ್ತೇನೆ. ಅದಕ್ಕೂ ಇದೇ. ದೊಡ್ಡ ಪ್ಯಾಕೆಟೇ ತಂದದ್ದು, ಉಂಟು ಇನ್ನೂ."

ಅಷ್ಟು ದುಬಾರಿಯ ಅಂಜಲ್ ಮೀನಿಗೆ ಪ್ಯಾಕೆಟಿನ ಪುಡಿ! ಯೂಸ್ಟೇಸನಿಗೆ ಆ ದಿನ ಲೆಕ್ಕ ಒಂದೂ ತಾಳೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಗೆರ್ಟ್ರೂಡ್ ಅಂಜಲಿನ ತುಂಡುಗಳನ್ನು ತೊಳೆಯುತ್ತಿದ್ದಾಗ ಅವನು ತಲೆ ಕೆರೆದುಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಎಂತ?" ಎಂದಳು.

"ಆ ಹೊಸ ಡಿಸ್ಕೂ ಅಷ್ಟೇ ಮಾರಾಯ್ತಿ. ಇವತ್ತು ಏಳುವುದೇ ಇಲ್ಲ. ಪರದೆಯಲ್ಲಿ ಆ ಚಕ್ರ ತಿರುಗ್ತಾ ಉಂಟು, ತಿರುಗ್ತಾ ಉಂಟು." ಹೆರೆಮಣೆಯನ್ನು ಕಾಲಿನಿಂದಲೇ ಎಳೆದು ಕೂತ. "ಹೇಗೂ ಕಾಯಬೇಕು. ಕಾಯಿ ಇದ್ದರೆ ಕೊಡು."

ಅವಳು ಕೊಟ್ಟಳು. ಕರಕರ ಸದ್ದು ಶುರುವಾಯಿತು, ಅದರ ಬೆನ್ನಿಗೇ ಸುದ್ದಿಯೂ. ಬೊನಿಫಾಸನ ಮಗಳಿಗೆ ಹುಡುಗ ಗೊತ್ತಾಗಿದ್ದಾನಂತೆ, ಕತಾರಿನಲ್ಲಿ ಕೆಲಸವಂತೆ. ಗೆರ್ಟ್ರೂಡಿಗೆ ಖುಷಿಯಾಯಿತು. ಆದರೆ ಒಳಗೊಳಗೇ ಅಳುಕು. ಮಗ ಅಷ್ಟು ಆಸೆಯಿಂದ ತಂದು ಹಾಕಿದ್ದು ಎರಡೇ ದಿನಕ್ಕೆ ಕೆಟ್ಟಿತೇ? ಕೈ ತೊಳೆದುಕೊಂಡು ನೋಡಲು ಹೊರಗಿನ ಕೋಣೆಗೆ ಹೋದಳು.

ಪರದೆ ಕಪ್ಪಗಿತ್ತು. ಎಲ್ಲಿಯ ಚಕ್ರ, ಎಲ್ಲಿಯ ತಿರುಗಾಟ! ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತು, ವಯರನ್ನು ಅಂದವಾಗಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದ ಯೂಸ್ಟೇಸ್. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗು ಮುಗಿಯುವವರೆಗೆ ಅಲ್ಲೇ ನಿಂತಳು.

ಒಳಗೆ ಕಾಯಿ ತುರಿಯುವ ಸದ್ದು ನಿಂತುಹೋಗಿತ್ತು. ಅವಳು ಮರಳಿ ಬಂದಾಗ ಯೂಸ್ಟೇಸ್ ಕೈಯಲ್ಲಿ ಕಾಯಿಯ ಕಡಿ ಹಿಡಿದುಕೊಂಡೇ, ಕದ್ದು ಸಿಕ್ಕಿಬಿದ್ದವನ ಹಾಗೆ ಕತ್ತೆತ್ತಿ ನೋಡಿದ.

"ಎದ್ದಿತಾ?"

ಗೆರ್ಟ್ರೂಡ್ ಮೂಲೆಯಿಂದ ಕತ್ತಿ ಎತ್ತಿಕೊಂಡಳು.

"ಇಲ್ಲ, ಇನ್ನೂ ತಿರುಗ್ತಾ ಉಂಟು," ಎಂದಳು. "ಇನ್ನೊಂದು ಕಾಯಿ ಒಡೆಯಲಾ?"