ಮಾಲೀಕರ ಅನುಮತಿಯ ಮೇರೆಗೆ

ಗಿರಣಿಮನೆಯ ತೋಟದ ಅಂಚಿನಲ್ಲಿ, ಕಾಲುದಾರಿ ಹೊಳೆಯ ಕಡೆ ತಿರುಗುವಲ್ಲಿ, ಬೆಳಗಾಗುವಷ್ಟರಲ್ಲಿ ಒಂದು ಹೊಸ ಗೇಟೂ ಅದರ ಪಕ್ಕ ಒಂದು ಫಲಕವೂ ಎದ್ದು ನಿಂತಿದ್ದವು. ಕಡುಹಸಿರು ಬಣ್ಣ, ಕೆನೆಬಣ್ಣದ ಅಕ್ಷರ, ಮೂಲೆಯಲ್ಲಿ ಒಂದು ಮಿಂಚುಳ್ಳಿಯ ಚಿತ್ರ. 'ನಡೆದಾಡುವವರಿಗೆ ಆದರದ ಸ್ವಾಗತ. ಈ ದಾರಿಯ ಬಳಕೆ ಮಾಲೀಕರ ಅನುಮತಿಯ ಮೇರೆಗೆ.' ಮೇವಿಸ್ ಟಫ್ಲಿ ಅದನ್ನು ಎರಡು ಸಲ ಓದಿದಳು. ಎರಡನೆಯ ಸಲಕ್ಕೆ ಅವಳ ಕಿವಿ ಕೆಂಪಾಗಿತ್ತು.

ನಾಯಿಯನ್ನು ಎಳೆದುಕೊಂಡು, ಅಥವಾ ನಾಯಿಯಿಂದ ಎಳೆಸಿಕೊಂಡು, ಅವಳ ಪಕ್ಕದ ಮನೆಯ ಲೆನ್ ಹಾಸ್ಕಿನ್ಸ್ ಬಂದ. ಮೇವಿಸ್ ಊರಿನ ಪಂಚಾಯಿತಿಯ ಅಧ್ಯಕ್ಷೆ. ರೇಗಿಸಬೇಕೆನಿಸಿದಾಗ ಮಾತ್ರ ಅವನಿಗೆ ಅದು ನೆನಪಾಗುತ್ತಿತ್ತು.

"ನೋಡಿದ್ರಾ ಅಧ್ಯಕ್ಷರೆ? ಎಷ್ಟು ಒಳ್ಳೆ ಮನುಷ್ಯ. ಬೇರೆಯವರಾಗಿದ್ರೆ 'ಒಳಗೆ ಬಂದ್ರೆ ಜೋಕೆ' ಅಂತ ಹಾಕ್ತಿದ್ರು."

"ನಿನ್ನ ಮನೆ ಬಾಗಿಲಲ್ಲಿ ಯಾವನೋ ನಿಂತು, ನಿನಗೇ 'ಬನ್ನಿ, ಕೂತ್ಕೊಳ್ಳಿ' ಅಂದ್ರೆ ಏನ್ ಮಾಡ್ತೀಯ ಲೆನ್?"

"ಚಹಾ ಆಗಿದೆಯಾ ಅಂತ ಕೇಳ್ತೀನಿ."

ವಿದಿಕೋಟ್ ಹೆಸರಿಗೆ ಹೊಳೆದಂಡೆಯ ಊರು. ಅದರ ಕಲ್ಲುಸೇತುವೆಯೂ ಹಂಸಗಳೂ ಕ್ಯಾಲೆಂಡರುಗಳಲ್ಲಿ ಬಂದಿವೆ. ಆದರೆ ಸೇತುವೆಯ ಕೆಳಗಿನ ಎರಡೂ ದಡಗಳನ್ನು ನುಣ್ಣನೆಯ ಹುಲ್ಲುಹಾಸುಗಳು, ದೋಣಿಮನೆಗಳು, 'ಖಾಸಗಿ' ಎಂಬ ಹಲಗೆಗಳು ಸದ್ದಿಲ್ಲದೆ ನುಂಗಿ ಆಗಿತ್ತು. ಊರಿನವರಿಗೆ ನೀರಿನ ಹತ್ತಿರ ಹೋಗಲು ಉಳಿದದ್ದು ಇದೊಂದೇ ದಾರಿ: ತುರಿಕೆಗಿಡಗಳ ನಡುವೆ, ತಲೆ ಬೋಳಿಸಿಕೊಂಡ ವಿಲೋ ಮರಗಳ ಕೆಳಗೆ, ಒಡ್ಡಿನ ಮೇಲಿಂದ ನೀರು ಧುಮುಕುವ ಸದ್ದು ಕೇಳುತ್ತ, ಹಸುಗಳ ಹುಲ್ಲುಗಾವಲಿನವರೆಗೆ. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ. ಇರಬೇಕೆಂದು ಯಾರಿಗೂ ತೋಚಿರಲಿಲ್ಲ. ಹೋದ ತಿಂಗಳಷ್ಟೇ ಮೇವಿಸ್ ಪಂಚಾಯಿತಿಯ ಕಡೆಯಿಂದ, ಇದು ಸಾರ್ವಜನಿಕ ದಾರಿ, ಜಿಲ್ಲೆಯ ನಕ್ಷೆಗೆ ಸೇರಿಸಿ ಎಂದು ಕೇಳಿದ್ದಳು. ಗಿರಣಿಮನೆಯನ್ನು ಹೊಸದಾಗಿ ಕೊಂಡ ಅಡ್ರಿಯನ್ ಸೆಲ್ವಿನ್ ಕಿವಿಗೂ ಅದು ಬಿದ್ದಿತ್ತು. ಉತ್ತರವಾಗಿ ಬಂದದ್ದು ಈ ಸ್ವಾಗತ.

"ಕೇಳಿಲ್ಲಿ," ಎಂದಳು ಮೇವಿಸ್. "ಯಾರನ್ನೂ ಕೇಳದೆ, ಯಾರಿಗೂ ಅಂಜದೆ, ಹಾಡುಹಗಲೇ ತಲೆಮಾರುಗಳಿಂದ ನಡೆದಿದ್ದೀವಿ. ಅದಕ್ಕೇ ಕಾನೂನಿನ ಪ್ರಕಾರ ದಾರಿ ನಮ್ಮದು. ಅವನು ಬಿಟ್ಟ, ನಾವು ನಡೆದ್ವಿ ಅಂತಾದ್ರೆ ಅದು ಅವನ ಔದಾರ್ಯ. ಇವತ್ತು ಸ್ವಾಗತ, ನಾಳೆ ಬೀಗ. ಈ ಮಾತು ಬರೆದವನು ಯಾವನೋ ವಕೀಲ. ಮಿಂಚುಳ್ಳಿ ಮಾತ್ರ ಸೆಲ್ವಿನ್ ಹೆಂಡತಿ ಬರೆದಿರಬೇಕು."

"ಹಾಗಾದ್ರೆ ಕಿತ್ತು ಹೊಳೆಗೆ ಹಾಕೋಣ."

"ಬೇಡ. ಆಗ ಪುಂಡರು ಅನ್ನಿಸ್ಕೊಳ್ಳೋದು ನಾವು. ಎಂದಿನ ಹಾಗೇ ನಡಿ. ಅವನು ಮಾತಾಡಿಸಿದ್ರೆ ಮಳೆ, ಗಾಳಿ, ಅಷ್ಟೇ. ಥ್ಯಾಂಕ್ಸ್ ಮಾತ್ರ ಹೇಳಕೂಡದು. ಥ್ಯಾಂಕ್ಸ್ ಅಂದೆಯೋ, ಅವನು ಕೊಟ್ಟ, ನೀನು ಇಸ್ಕೊಂಡೆ."

ಲೆನ್‌ನ ಮುಖ ಬಿಳಿಚಿಕೊಂಡಿತು. "ಗೇಟು ತೆಗೆದು ಹಿಡ್ಕೊಂಡ್ರೂ?"

"ಹಿಡ್ಕೊಂಡ್ರೂ."

ಅವನ ಸಂಕಟ ಸಣ್ಣದೇನಲ್ಲ. ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದ್ದಕ್ಕೆ ಡ್ರೈವರನಿಗೂ ಹಲ್ಲು ಕಿತ್ತದ್ದಕ್ಕೆ ವೈದ್ಯನಿಗೂ ಥ್ಯಾಂಕ್ಸ್ ಹೇಳುವ ಊರು ಅದು. ಅಲ್ಲಿ ಕಾಲು ತುಳಿದರೆ ಕ್ಷಮೆ ಕೇಳುವುದು ತುಳಿಸಿಕೊಂಡವನು.

ಅಷ್ಟರಲ್ಲಿ ಗುಲಾಬಿಗಿಡಗಳ ಮರೆಯಿಂದ ಸೆಲ್ವಿನ್ ಬಂದ. ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ. ಅದಕ್ಕೆ ಒಂದು ಎಲೆಯ ಚೂರೂ ಅಂಟಿಲ್ಲದ್ದನ್ನು ಮೇವಿಸ್ ಗಮನಿಸಿದಳು.

"ಗುಡ್ ಮಾರ್ನಿಂಗ್. ಬನ್ನಿ, ಬನ್ನಿ, ಸಂಕೋಚ ಬೇಡ," ಎಂದು ಗೇಟು ತೆರೆದು ಹಿಡಿದ.

ಸಂಕೋಚವಂತೆ. ಅವಳ ಅಜ್ಜಿ ಬಟ್ಟೆಯ ಗಂಟು ಹೊತ್ತು ನಡೆದ ದಾರಿ. ಅವಳ ಅಪ್ಪ ಸಾಯುವ ಹಿಂದಿನ ವಾರವೂ ಕೋಲೂರಿಕೊಂಡು ಬಂದು ನೀರು ನೋಡಿ ಹೋದ ದಾರಿ. ಲೆನ್ ಬಾಯಿ ತೆರೆದ. ಮೇವಿಸ್ ಅವನ ಪಾದದ ಮೇಲೆ ಬೂಟು ಊರಿದಳು.

"ಸಾರಿ," ಎಂದ ಲೆನ್ ಅವಳಿಗೆ. ಆಮೇಲೆ ಸೆಲ್ವಿನ್ ಕಡೆ ತಿರುಗಿ, "ಗಾಳಿ ಪಡುವಣದ್ದು," ಎಂದ.

"ಇದು ನಾವು ದಿನಾ ಹೋಗೋ ದಾರಿ, ಮಿಸ್ಟರ್ ಸೆಲ್ವಿನ್," ಎಂದಳು ಮೇವಿಸ್. "ಇವತ್ತು ಅಡ್ಡ ಒಂದು ಗೇಟು ಬಂದಿದೆ."

"ದಿನಾ ಬನ್ನಿ. ನನ್ನದೇನೂ ಅಭ್ಯಂತರ ಇಲ್ಲ."

"ನಿಮ್ಮ ಅಭ್ಯಂತರ ಕೇಳಿದವರು ಯಾರು?"

ಸೆಲ್ವಿನ್ ನಕ್ಕ. ಮೇವಿಸ್ ಅವನ ಮುಖ ನೋಡದೆ ಮುಂದೆ ನಡೆದಳು. ಹೆಜ್ಜೆ ಹೆಜ್ಜೆಗೂ ಸಿಟ್ಟು ಮೇಲೇರುತ್ತಿತ್ತು. ನೀರುಕೋಳಿಯೊಂದು ಜೊಂಡಿನೊಳಕ್ಕೆ ನುಸುಳಿತು. ಬೇಲಿಯಾಚೆ ಒಂದು ಹಸು ಹೊಳೆಗಿಳಿದು ಯಾರ ಅನುಮತಿಯನ್ನೂ ಕೇಳದೆ ನೀರು ಕುಡಿಯುತ್ತಿತ್ತು. ಬರುವ ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಮೇವಿಸ್ ಮನಸ್ಸಿನಲ್ಲೇ ಮಸೆಯತೊಡಗಿದಳು. ನಮಗೆ ಯಾರೂ ಏನನ್ನೂ ಕೊಟ್ಟಿಲ್ಲ. ನಾವು ಯಾರಿಂದಲೂ ಏನನ್ನೂ ಪಡೆದಿಲ್ಲ. ಯಾರ ಹಂಗೂ ನಮಗಿಲ್ಲ.

ದಾರಿ ಹುಲ್ಲುಗಾವಲು ಸೇರುವಲ್ಲೂ ಅಂಥದೇ ಹೊಸ ಗೇಟು. ಅಗುಳಿ ಬಿಗಿಯಾಗಿತ್ತು. ಅವಳು ಒತ್ತಿದಳು, ಎತ್ತಿದಳು, ಮೊಣಕಾಲಿನಿಂದ ಗುದ್ದಿದಳು. ತನ್ನ ಹುಲ್ಲುಹಾಸಿನ ಮೇಲೆ ಅಡ್ಡದಾರಿಯಲ್ಲಿ ಬಂದ ಸೆಲ್ವಿನ್ ಅವಳ ಪಕ್ಕದಿಂದ ಕೈ ಚಾಚಿ, ಅಗುಳಿಯನ್ನು ಮೆಲ್ಲನೆ ಸರಿಸಿ, ಗೇಟನ್ನು ಪೂರ್ತಿ ತೆರೆದು ಬದಿಗೆ ಸರಿದು ನಿಂತ.

"ಥ್ಯಾಂಕ್ ಯೂ, ಮಿಸ್ಟರ್ ಸೆಲ್ವಿನ್," ಎಂದಳು ಮೇವಿಸ್. "ತುಂಬ ಉಪಕಾರ ಆಯ್ತು."

ಒಡ್ಡಿನ ನೀರಿನ ಸದ್ದು ಇದ್ದಕ್ಕಿದ್ದಂತೆ ಜೋರಾದ ಹಾಗಿತ್ತು.

"ಅದಕ್ಕೇನಂತೆ," ಎಂದ ಸೆಲ್ವಿನ್. "ಯಾವಾಗಲೂ ಸ್ವಾಗತ."

ಲೆನ್ ಅವಳ ಮುಖ ನೋಡಲಿಲ್ಲ. ತನಗಾದ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸುತ್ತ, ಕತ್ತೆತ್ತಿ ಆಕಾಶ ನೋಡಿದ.

"ಮಧ್ಯಾಹ್ನದ ಮೇಲೆ ಮಳೆ ಬರೋ ಹಾಗಿದೆ," ಎಂದ.