ಬರ್ಚ್ ಮರಕ್ಕೆ ಅರಿಶಿನ

ಒದ್ದೆ ಅರಿಶಿನದ ವಾಸನೆಗೆ ಎಲ್ಲರಿಗೂ ಮದುವೆಮನೆ ನೆನಪಾದರೆ ನನಗೆ ಒಂದು ಮರ ನೆನಪಾಗುತ್ತದೆ.

ಆಗ ನನಗೆ ಹನ್ನೊಂದು ವರ್ಷ. ಕೋವಿಡ್‌ನಿಂದ ವಿಮಾನಗಳು ನಿಂತು, ಮೈಸೂರಿನಿಂದ ಬಂದಿದ್ದ ಅಜ್ಜಿ ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಟೌನ್‌ಹೌಸಿನಲ್ಲೇ ಉಳಿದುಬಿಟ್ಟಿದ್ದರು. ಅಪ್ಪ ಮನೆ ಮುಂದೆ ನೆಟ್ಟ ಬರ್ಚ್ ಸಸಿಗೆ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದವರು ಅಜ್ಜಿಯೇ. ಒಂದು ಮಧ್ಯಾಹ್ನ ಅದರ ತೊಗಟೆ ಕಾಗದದ ಹಾಗೆ ಸುಲಿದುಕೊಂಡಿದ್ದನ್ನು ಕಂಡು ಗಾಬರಿಯಾದರು. ಅರಿಶಿನ ಕಲಸಿ ತಂದು ಕಾಂಡಕ್ಕೆಲ್ಲ ಮೆತ್ತಿದರು. ಮೇಲೆ ಹಳೇ ಸೀರೆಯ ಪಟ್ಟಿ ಸುತ್ತಿದರು.

"ಅಜ್ಜಿ, ಇಟ್ಸ್ ನಾರ್ಮಲ್! ಅದು ದೊಡ್ಡದಾಗ್ತಾ ಇದೆ, ಅದಕ್ಕೇ ಪೀಲ್ ಆಗತ್ತೆ," ಎಂದು ನಕ್ಕೆ.

"ದೊಡ್ಡದಾಗೋವಾಗ ಉರಿಯಲ್ವೇನೇ?" ಎಂದರು. ಗಂಟು ಹಾಕುವಾಗ ನನ್ನ ಬೆರಳನ್ನು ಒಳಗಿಡಿಸಿಕೊಂಡು, ಅಷ್ಟು ಜಾಗ ಬಿಟ್ಟರು. "ಬಿಗಿಯಾದ್ರೆ ಮುಂದಿನ ವರ್ಷ ಬಂದು ನಾನೇ ಸಡಿಲ ಮಾಡ್ತೀನಿ."

ವಿಮಾನ ಶುರುವಾದ ಮೇಲೆ ಅಜ್ಜಿ ಊರಿಗೆ ಹೋದರು. ಮರುವರ್ಷ ಗಂಟು ಬಿಗಿಯಾಯಿತು, ಅಜ್ಜಿ ಬರಲಿಲ್ಲ. ಅದನ್ನು ಬಿಚ್ಚಿದ್ದು ನಾನು. ಮತ್ತೆ ಕಟ್ಟಲು ನೋಡಿದೆ. ಬೆರಳನ್ನು ಒಳಗಿಟ್ಟುಕೊಂಡು ಒಂದೇ ಕೈಯಲ್ಲಿ ಗಂಟು ಹಾಕಲು ಆಗಲಿಲ್ಲ.